ಕೋಟೆಯ ನಿಧಿ ಹುಡುಕುವ ಮಕ್ಕಳ ಚಿತ್ರಗಳು: ನಿಧಿ ಸಿಗುತ್ತದೆ, ಕೋಟೆಯೇ ಕಾಣುವುದಿಲ್ಲ

ಕಲ್ಲುಮೆಟ್ಟಿಲು

ಮಕ್ಕಳ ಗುಂಪೊಂದು ಹಳೆಯ ಕೋಟೆಯಲ್ಲಿ ಬಚ್ಚಿಟ್ಟ ನಿಧಿಯನ್ನು ಹುಡುಕಿಕೊಂಡು ಹೊರಡುವ ಕೌಟುಂಬಿಕ ಸಾಹಸ ಚಿತ್ರಗಳೆಂದರೆ ನನಗೆ ಮೊದಲಿನಿಂದಲೂ ಇಷ್ಟ. ಇವುಗಳ ಚೌಕಟ್ಟು ಎಲ್ಲರಿಗೂ ಗೊತ್ತಿರುವಂಥದ್ದೇ: ರಜೆಗೆ ಬಂದ ಮಕ್ಕಳು, ಅಟ್ಟದಲ್ಲಿ ಸಿಗುವ ನಕ್ಷೆ, ಅದೇ ನಿಧಿಯ ಮೇಲೆ ಕಣ್ಣಿಟ್ಟ ಒಬ್ಬ ನಯವಂಚಕ, ಮಕ್ಕಳ ಮಾತನ್ನು ಕಿವಿಗೆ ಹಾಕಿಕೊಳ್ಳದ ದೊಡ್ಡವರು, ಕೊನೆಗೊಂದು ಸುರಂಗ. ಈ ಚೌಕಟ್ಟು ಹಳತಾಯಿತೆಂದು ನಾನು ದೂರುತ್ತಿಲ್ಲ. ಇದೇ ಚೌಕಟ್ಟಿನೊಳಗೆ ಚೆನ್ನಾದ ಚಿತ್ರಗಳೂ ಬಂದಿವೆ, ಮುಂದೆಯೂ ಬರುತ್ತವೆ.

ನನ್ನ ತಕರಾರು ಇರುವುದು ಕೋಟೆಯ ಬಗ್ಗೆ. ಇಂಥ ಬಹುಪಾಲು ಚಿತ್ರಗಳನ್ನು ಪೂರ್ತಿ ನೋಡಿ ಮುಗಿಸಿದ ಮೇಲೂ ಆ ಕೋಟೆಯ ಬಾವಿ ಯಾವ ದಿಕ್ಕಿಗಿತ್ತು, ಗೋಪುರದ ಮೆಟ್ಟಿಲು ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟುತ್ತಿತ್ತು, ಪಡಸಾಲೆಯ ಕೆಳಗೆ ಏನಿತ್ತು ಎಂಬುದು ಯಾರಿಗೂ ಹೇಳಲು ಬರುವುದಿಲ್ಲ. ಸುಳಿವು ಬರುವುದು ಚರ್ಮದ ಹಾಳೆಯ ಮೇಲೆ ಬರೆದ ಪದ್ಯದ ರೂಪದಲ್ಲಿ. ಗುಂಪಿನಲ್ಲಿ ಕನ್ನಡಕ ಹಾಕಿಕೊಂಡ ಒಂದು ಮಗು ಅದರ ಅರ್ಥವನ್ನು ಪಟ್ಟನೆ ಬಿಡಿಸುತ್ತದೆ, ಇನ್ನೊಂದು ಮಗು ಒಂದು ಕಲ್ಲನ್ನು ಒತ್ತುತ್ತದೆ, ಗೋಡೆ ಗರಗರನೆ ಸರಿಯುತ್ತದೆ. ಇದೇ ಪದ್ಯವನ್ನು ಒಂದು ಹಡಗಿನೊಳಗೋ ಗ್ರಂಥಾಲಯದೊಳಗೋ ಇಟ್ಟಿದ್ದರೂ ಕಥೆ ಇದ್ದ ಹಾಗೆಯೇ ಇರುತ್ತಿತ್ತು. ಹಾಗಿದ್ದರೆ ಕೋಟೆ ಏಕೆ ಬೇಕಿತ್ತು? ನನ್ನ ಪ್ರಕಾರ ಇಂಥ ಚಿತ್ರದಲ್ಲಿ ನಿಧಿಯನ್ನು ಬಚ್ಚಿಡಬೇಕಾದ್ದೂ ಕಟ್ಟಡ, ಬಿಟ್ಟುಕೊಡಬೇಕಾದ್ದೂ ಕಟ್ಟಡ.

ಸ್ಕಾಟ್ಲೆಂಡಿನ ಗ್ಲಾಮಿಸ್ ಕೋಟೆಯ ಬಗ್ಗೆ ಒಂದು ಪ್ರಸಿದ್ಧ ದಂತಕಥೆಯಿದೆ. ಅಲ್ಲೊಂದು ಗುಪ್ತ ಕೋಣೆ ಇದೆಯೆಂದು ಕೇಳಿದ್ದ ಅತಿಥಿಗಳು, ಮನೆಯ ಯಜಮಾನ ಇಲ್ಲದ ಹೊತ್ತು ನೋಡಿ, ಒಳಗಿನಿಂದ ತಮಗೆ ಸಿಕ್ಕ ಪ್ರತಿಯೊಂದು ಕಿಟಕಿಗೂ ಒಂದೊಂದು ಬಟ್ಟೆ ಕಟ್ಟಿ ಹೊರಗೆ ಬಂದು ನೋಡಿದರಂತೆ. ಬಟ್ಟೆಯಿಲ್ಲದ ಕಿಟಕಿಗಳು ಕಂಡವಂತೆ. ಅದು ನಡೆದದ್ದೋ ಕಟ್ಟಿದ್ದೋ ಇರಲಿ, ಚಿತ್ರದ ದೃಶ್ಯವಾಗಿ ಅದನ್ನು ಊಹಿಸಿಕೊಳ್ಳಿ. ತಮ್ಮನೊಬ್ಬ ಒಳಗೆ ಕೋಣೆಯಿಂದ ಕೋಣೆಗೆ ಓಡುತ್ತ ಕರವಸ್ತ್ರ, ದಿಂಬಿನ ಚೀಲ, ಕಾಲುಚೀಲ ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ಕಟ್ಟುತ್ತಿದ್ದಾನೆ. ಅಕ್ಕ ಅಂಗಳದಲ್ಲಿ ನಿಂತು ಬೆರಳು ಮಡಿಸುತ್ತ ಎಣಿಸುತ್ತಿದ್ದಾಳೆ. ತಮ್ಮ ಕೊನೆಯ ಕಿಟಕಿಯಿಂದ ತಲೆ ಹೊರಹಾಕಿ "ಎಲ್ಲಾ ಮುಗೀತು" ಎಂದು ಕೂಗುತ್ತಾನೆ. ಅವಳ ಬೆರಳು ಮಾತ್ರ ಇನ್ನೂ ಒಂದು ಕಿಟಕಿಯ ಕಡೆಗೇ ಇದೆ. ಇಲ್ಲಿ ಪದ್ಯ ಬೇಡ, ಪಂಡಿತ ಬೇಡ. ಎಂಟು ವರ್ಷದ ಪ್ರೇಕ್ಷಕನೂ ದೊಡ್ಡವರಿಗಿಂತ ಮೊದಲೇ ಇದನ್ನು ಗ್ರಹಿಸಬಲ್ಲ.

ಕೋಟೆಯನ್ನು ಬರಿಯ ಹಿನ್ನೆಲೆಯ ಪರದೆ ಮಾಡದೆ ಕಥೆಯೊಳಗೆ ತಂದ ಚಿತ್ರಗಳು ನಿಮಗೆ ಗೊತ್ತಿದ್ದರೆ ಅಥವಾ ನನ್ನ ವಾದವನ್ನು ನೀವು ಒಪ್ಪದಿದ್ದರೆ ದಯವಿಟ್ಟು ಬರೆಯಿರಿ.

ಹಳೆಯ ರೀಲು

ನಿಮ್ಮ ಮಾತಿಗೆ ನನ್ನ ಒಪ್ಪಿಗೆಯಿದೆ. ಆದರೆ ಈ ಪ್ರಕಾರ ಹುಟ್ಟಿನಿಂದಲೇ ಹೀಗಿರಲಿಲ್ಲ ಎಂಬುದನ್ನು ಸೇರಿಸಬೇಕು. ಎನಿಡ್ ಬ್ಲೈಟನ್ ಅವರ 'ಫೈವ್ ಆನ್ ಎ ಟ್ರೆಷರ್ ಐಲ್ಯಾಂಡ್' 1942ರಲ್ಲಿ ಬಂತು. ಮಕ್ಕಳು, ದ್ವೀಪ, ಪಾಳುಕೋಟೆ, ಚಿನ್ನದ ಗಟ್ಟಿಗಳು ಎಂಬ ಸಾಮಗ್ರಿಯನ್ನೆಲ್ಲ ಇಂದಿಗೂ ಚಿತ್ರಗಳು ಅಲ್ಲಿಂದಲೇ ಕಡ ತರುತ್ತಿವೆ. ಕಡ ತರುವಾಗ ಬಿಟ್ಟುಬರುವುದು ಬಾವಿಯನ್ನು. ಮಕ್ಕಳಿಗೆ ಸಿಗುವ ನಕ್ಷೆ ಆ ಕೋಟೆಯದೇ ನಕ್ಷೆ, ನೆಲಮಾಳಿಗೆಯನ್ನೂ ಸೇರಿಸಿ ಬರೆದದ್ದು. ಅಂಗಳದ ಬಾವಿಯನ್ನು ಮಕ್ಕಳು ಮೊದಲೇ ನೋಡಿರುತ್ತಾರೆ; ಆ ಬಾವಿ ನೆಲಮಾಳಿಗೆಯನ್ನು ಹಾದುಹೋಗುತ್ತದೆ ಎಂಬುದು ಕೆಳಗಿಳಿದಾಗ ತಿಳಿಯುತ್ತದೆ; ಮುಂದೆ ಇಬ್ಬರು ಮಕ್ಕಳನ್ನು ಕೆಳಗೆ ಕೂಡಿಹಾಕಿದಾಗ ಮೂರನೆಯವನು ಅದೇ ಬಾವಿಯ ಮೂಲಕ ಇಳಿದು ಅವರನ್ನು ತಲುಪುತ್ತಾನೆ. ಓದುಗನಿಗೆ ಬಾವಿಯನ್ನು ತೋರಿಸಿ, ಮರೆಯಲು ಬಿಟ್ಟು, ಬೇಕಾದಾಗ ಮತ್ತೆ ತೆರೆಯುವ ಈ ಲೆಕ್ಕಾಚಾರವನ್ನೇ ನೀವು ಕೇಳುತ್ತಿರುವುದು ಎಂದುಕೊಳ್ಳುತ್ತೇನೆ.

ಬ್ರಿಟನ್ನಿನಲ್ಲಿ ಚಿಲ್ಡ್ರನ್ಸ್ ಫಿಲ್ಮ್ ಫೌಂಡೇಶನ್ ಎಂಬ ಸಂಸ್ಥೆ 1951ರಲ್ಲಿ ಆರಂಭವಾಯಿತು. ಚಿತ್ರಮಂದಿರದ ಟಿಕೆಟ್ಟಿನ ಮೇಲೆ ಸಂಗ್ರಹವಾಗುತ್ತಿದ್ದ ಈಡಿ ಲೆವಿ ಎಂಬ ನಿಧಿಯಿಂದ ಅದಕ್ಕೆ ಹಣ ಬರುತ್ತಿತ್ತು. ಶನಿವಾರ ಬೆಳಗಿನ ಮಕ್ಕಳ ಪ್ರದರ್ಶನಗಳಿಗಾಗಿ ಸುಮಾರು ಒಂದು ಗಂಟೆಯ ಚಿತ್ರಗಳನ್ನು ಅದು ಮಾಡಿಸುತ್ತಿತ್ತು. ಬ್ಲೈಟನ್ ಅವರ ಈ ಕಥೆಯೂ 1957ರಲ್ಲಿ ಅಲ್ಲಿಂದಲೇ ಕಂತುಗಳ ಧಾರಾವಾಹಿಯಾಗಿ ಬಂತು. ಆ ಚಿತ್ರಗಳಿಗೆ ಹಣ ಕಡಿಮೆ, ಆದ್ದರಿಂದ ದೊಡ್ಡ ಸೆಟ್ ಕಟ್ಟುವ ಪ್ರಶ್ನೆಯೇ ಇರಲಿಲ್ಲ. ಇರುವ ಜಾಗದಲ್ಲಿಯೇ ಮಕ್ಕಳನ್ನು ಓಡಿಸಿ ಚಿತ್ರೀಕರಿಸಬೇಕಿತ್ತು. ಅಭಿನಯ ಹಲವು ಕಡೆ ಒಣಕಲು, ಸಂಭಾಷಣೆ ಶಾಲೆಯ ಪಾಠದಂತೆ. ಆದರೆ ಯಾರು ಎಲ್ಲಿಂದ ಎಲ್ಲಿಗೆ ಓಡಿದರು ಎಂಬುದರಲ್ಲಿ ಗೊಂದಲವೇ ಇರುವುದಿಲ್ಲ. ಬಡತನ ಕಲಿಸಿದ ಶಿಸ್ತು ಎನ್ನಬಹುದು.

ಪದ್ಯಪ್ರಿಯ

ನಾನು ಎದುರುಪಕ್ಷದಲ್ಲಿ ಕೂರುತ್ತೇನೆ.

ಕಲ್ಲುಮೆಟ್ಟಿಲು ಅವರೇ, ಒಗಟಿನ ಪದ್ಯವನ್ನು ನೀವು ಇಷ್ಟು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ. ಮಕ್ಕಳಿಗೆ ಒಗಟೆಂದರೆ ಪ್ರಾಣ. ಪ್ರಾಸವಿರುವ ನಾಲ್ಕು ಸಾಲು ಕಿವಿಯಲ್ಲಿ ಉಳಿಯುತ್ತದೆ, ಚಿತ್ರಮಂದಿರದಿಂದ ಹೊರಗೆ ಬರುವಾಗಲೂ ಅದನ್ನು ಗುನುಗುತ್ತಿರುತ್ತಾರೆ. ನೀವು ಹೇಳುವ ಕಿಟಕಿಯ ಲೆಕ್ಕ, ಬಾವಿಯ ದಿಕ್ಕು ಇವೆಲ್ಲ ಎಂಜಿನಿಯರುಗಳಿಗೆ ಹಿಡಿಸುವಂಥವು. ಅಲ್ಲದೆ ಈ ಪ್ರಕಾರದ ಅತ್ಯಂತ ಜನಪ್ರಿಯ ಚಿತ್ರವಾದ, 1985ರ 'ದ ಗೂನೀಸ್'ನಲ್ಲಿ ಕೋಟೆಯೇ ಇಲ್ಲ. ಸುರಂಗದ ಒಂದು ತಿರುವಿಗೂ ಇನ್ನೊಂದಕ್ಕೂ ಏನು ಸಂಬಂಧವೆಂದು ಯಾರೂ ಕೇಳುವುದಿಲ್ಲ, ಏಕೆಂದರೆ ಆ ಮಕ್ಕಳ ಮನೆಗಳು ಕೈತಪ್ಪಿಹೋಗುವುದರಲ್ಲಿವೆ ಎಂಬುದು ಮೊದಲಿಗೇ ಗೊತ್ತಾಗಿರುತ್ತದೆ. ನಿಧಿ ಸಿಗದಿದ್ದರೆ ಗೆಳೆಯರು ಒಬ್ಬೊಬ್ಬರು ಒಂದೊಂದು ಕಡೆ ಚದುರಿಹೋಗುತ್ತಾರೆ. ನಮ್ಮನ್ನು ಕೂರಿಸಿ ನೋಡುವಂತೆ ಮಾಡುವುದು ಆ ಆತಂಕ. ಬಾವಿ ಯಾವ ದಿಕ್ಕಿಗಿದೆ ಎಂಬುದಲ್ಲ.

ನಕ್ಷೆಯ ಬಗ್ಗೆಯೂ ಒಂದು ಮಾತು. ಸ್ಟೀವನ್‌ಸನ್ ಅವರ 'ಟ್ರೆಷರ್ ಐಲ್ಯಾಂಡ್' 1883ರಲ್ಲಿ ಪುಸ್ತಕವಾದಾಗಿನಿಂದಲೂ ನಿಧಿಗೆ ಚರ್ಮದ ಹಾಳೆಯ ಜೊತೆ ನಂಟು. ಅದನ್ನು ಕಿತ್ತು ಹಾಕಿದರೆ ಪ್ರೇಕ್ಷಕರಿಗೆ ಏನೋ ಕಡಿಮೆಯಾದಂತೆ ಅನ್ನಿಸದಿರದು.

ಕಲ್ಲುಮೆಟ್ಟಿಲು

ಪದ್ಯಪ್ರಿಯ ಅವರೇ, ಮನೆ ಕೈತಪ್ಪುವ ಆತಂಕದ ಬಗ್ಗೆ ನಿಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ. ಮಕ್ಕಳಿಗೆ ನಿಧಿ ಏಕೆ ಬೇಕು ಎಂಬುದಕ್ಕೆ ಉತ್ತರವಿಲ್ಲದ ಚಿತ್ರ ಎಷ್ಟು ಚಂದದ ಕೋಟೆಯಿದ್ದರೂ ನಿಲ್ಲುವುದಿಲ್ಲ.

ಆದರೆ ಸ್ಟೀವನ್‌ಸನ್ ಅವರನ್ನು ನೀವು ನನ್ನ ಪಕ್ಷಕ್ಕೇ ಕಳುಹಿಸಿಕೊಟ್ಟಿದ್ದೀರಿ. 1881ರ ಮಳೆಗಾಲದಂಥ ಬೇಸಿಗೆಯಲ್ಲಿ, ಸ್ಕಾಟ್ಲೆಂಡಿನ ಬ್ರೇಮಾರ್‌ನಲ್ಲಿ, ಮಲಮಗನೊಂದಿಗೆ ಬಣ್ಣ ಬಳಿಯುತ್ತ ಕುಳಿತಿದ್ದಾಗ ಅವರು ಮೊದಲು ಬರೆದದ್ದು ದ್ವೀಪದ ನಕ್ಷೆಯನ್ನು. ಕೊಲ್ಲಿ ಎಲ್ಲಿ, ಗುಡ್ಡ ಎಲ್ಲಿ ಎಂಬುದು ಕಾಗದದ ಮೇಲೆ ಇತ್ಯರ್ಥವಾದ ಮೇಲೆ ಕಥೆ ಹುಟ್ಟಿತು. ಆ ನಕ್ಷೆ ಪ್ರಕಾಶಕರಿಗೆ ಕಳುಹಿಸುವಾಗ ಕಳೆದುಹೋಗಿ, ಬರೆದು ಮುಗಿಸಿದ ಕಥೆಯನ್ನು ಮುಂದಿಟ್ಟುಕೊಂಡು ಅದಕ್ಕೆ ಹೊಂದುವಂತೆ ಎರಡನೆಯ ನಕ್ಷೆಯನ್ನು ರಚಿಸಬೇಕಾಗಿ ಬಂದಾಗ ಅವರಿಗೆ ಅದು ಬಹಳ ಕಷ್ಟವಾಯಿತು. ಇಂದಿನ ಚಿತ್ರಕಥೆಗಾರರು ಮಾಡುವುದು ಈ ಎರಡನೆಯ ಕೆಲಸವನ್ನೇ: ಘಟನೆಗಳನ್ನು ಮೊದಲು ಪೋಣಿಸಿ, ಆಮೇಲೆ ಅವುಗಳಿಗೆ ತಕ್ಕಂತೆ ಕೋಟೆಯನ್ನು ಎಳೆದಾಡುವುದು.

ಅಡಿಟಿಪ್ಪಣಿ

ಚರ್ಚೆ ಚೆನ್ನಾಗಿ ಸಾಗುತ್ತಿದೆ. ಕೋಟೆಗಳಲ್ಲಿ ನಿಜವಾಗಿಯೂ ಏನನ್ನಾದರೂ ಬಚ್ಚಿಟ್ಟವರು ಎಲ್ಲಿ, ಹೇಗೆ ಬಚ್ಚಿಟ್ಟರು ಎಂಬುದನ್ನು ಚಿತ್ರಕಥೆಗಾರರು ಒಮ್ಮೆ ನೋಡಿದರೆ ಅವರಿಗೆ ಬಹಳ ಸಾಮಗ್ರಿ ಸಿಗುತ್ತದೆ ಎಂದು ನನ್ನ ಅನಿಸಿಕೆ.

ಈಗಿನ ಚೆಕ್ ದೇಶದಲ್ಲಿರುವ ಬೆಚೊವ್ ಕೋಟೆಯ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. 1984ರಲ್ಲಿ ಅಮೆರಿಕದ ವ್ಯಾಪಾರಿಯೊಬ್ಬ ಆಗಿನ ಚೆಕೊಸ್ಲೊವಾಕಿಯಾದ ಅಧಿಕಾರಿಗಳನ್ನು ಸಂಪರ್ಕಿಸಿ, ನಿಮ್ಮ ದೇಶದಲ್ಲಿ ಹೂತಿಟ್ಟ ಒಂದು ವಸ್ತುವನ್ನು ಹೊರಗೆ ಒಯ್ಯಲು ಅನುಮತಿ ಕೊಟ್ಟರೆ 2,50,000 ಡಾಲರ್ ಕೊಡುತ್ತೇನೆ ಎಂದ. ವಸ್ತು ಯಾವುದು, ಎಲ್ಲಿದೆ ಎಂಬುದನ್ನು ಮಾತ್ರ ಹೇಳಲೊಲ್ಲ. ಮಾತುಕತೆಯ ನಡುವೆ ಅವನ ಬಾಯಿಂದ ಉದುರಿದ ಸಣ್ಣಪುಟ್ಟ ವಿವರಗಳನ್ನು ಜೋಡಿಸುತ್ತ ಹೋದ ಪತ್ತೇದಾರರು ಬೆಚೊವ್ ಕೋಟೆಗೆ ಬಂದು ಮುಟ್ಟಿದರು. 1985ರ ನವೆಂಬರ್ 5ರಂದು ಅಲ್ಲಿನ ಪ್ರಾರ್ಥನಾಮಂದಿರದ ನೆಲದಡಿಯಿಂದ ಹದಿಮೂರನೆಯ ಶತಮಾನದ ಒಂದು ದೊಡ್ಡ ಪೆಟ್ಟಿಗೆಯನ್ನು ಹೊರತೆಗೆದರು. ಸಂತ ಮೌರಸ್‌ನ ಅವಶೇಷಗಳಿಗಾಗಿ ಮಾಡಿದ, ಚಿನ್ನದ ಲೇಪವಿರುವ, ಮನೆಯಾಕಾರದ ಪೆಟ್ಟಿಗೆ ಅದು. 1945ರಲ್ಲಿ ದೇಶ ಬಿಟ್ಟು ಹೋಗಬೇಕಾಗಿ ಬಂದ ಕೋಟೆಯ ಒಡೆಯರ ಕುಟುಂಬ ಅದನ್ನು ಅಲ್ಲಿ ಹೂತಿಟ್ಟಿತ್ತು. ನಾಲ್ಕು ದಶಕ ನೆಲದಡಿ ಬಿದ್ದಿದ್ದರಿಂದ ಒಳಗಿನ ಮರ ಹಾಳಾಗಿತ್ತು. ಅದನ್ನು ದುರಸ್ತಿಗೊಳಿಸಿ ಪ್ರದರ್ಶನಕ್ಕಿಡುವ ಹೊತ್ತಿಗೆ 2002 ಬಂದಿತ್ತು.

ಜರ್ಮನಿಯ ಕ್ರೋನ್‌ಬರ್ಗ್‌ನಲ್ಲಿಯೂ ಹೀಗೆಯೇ. ಹೆಸ್ಸೆ ರಾಜಮನೆತನದವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ತಮ್ಮ ಕೋಟೆಯ ನೆಲಮಾಳಿಗೆಯಲ್ಲಿ ಒಡವೆಗಳನ್ನು ಬಚ್ಚಿಟ್ಟರು. ಯುದ್ಧದ ನಂತರ ಆ ಕಟ್ಟಡವನ್ನು ಅಧಿಕಾರಿಗಳ ಕ್ಲಬ್ ಮಾಡಿಕೊಂಡಿದ್ದ ಅಮೆರಿಕನ್ ಸೇನೆಯ ಕೆಲವು ಅಧಿಕಾರಿಗಳು ಅದನ್ನು ಪತ್ತೆಮಾಡಿ ಕದ್ದರು. 1946ರಲ್ಲಿ ಮದುವೆಗೆಂದು ಒಡವೆ ಬೇಕಾದಾಗ ಕಳವು ಬಯಲಾಯಿತು. ಅಧಿಕಾರಿಗಳು ಸೇನಾ ನ್ಯಾಯಾಲಯದ ವಿಚಾರಣೆ ಎದುರಿಸಿದರು.

ಈ ಎರಡೂ ಪ್ರಕರಣಗಳನ್ನು ಗಮನಿಸಿ. ಬಚ್ಚಿಟ್ಟವರು ಮನೆಯವರೇ, ಆತುರದಲ್ಲಿ, ನಂಬಿಕೆಯ ಒಂದಿಬ್ಬರ ನೆರವಿನಿಂದ, ಬೇಗನೆ ಹಿಂದಿರುಗಿ ಬರುತ್ತೇವೆಂಬ ಎಣಿಕೆಯಿಂದ ಬಚ್ಚಿಟ್ಟಿದ್ದಾರೆ. ಅಂಥವರು ಉರುಳುವ ಬಂಡೆಯನ್ನಾಗಲಿ ಗೋಡೆಯಿಂದ ಚಿಮ್ಮುವ ಬಾಣಗಳನ್ನಾಗಲಿ ಸಜ್ಜುಗೊಳಿಸುತ್ತ ಕೂರುವುದಿಲ್ಲ. ಸಜ್ಜುಗೊಳಿಸಿದರೂ ತೇವ ತುಂಬಿದ ನೆಲಮಾಳಿಗೆಯಲ್ಲಿ ಹಗ್ಗ ಕೊಳೆಯುತ್ತದೆ, ಮರ ಕುಂಬಾಗುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ನಾಲ್ಕು ನೂರು ವರ್ಷ ಹಳೆಯ ಯಂತ್ರವೊಂದು ಮಗುವಿನ ಹೆಬ್ಬೆರಳಿಗೆ ಸ್ಪಂದಿಸಿ ಎಣ್ಣೆ ಹಾಕಿದ ಹಾಗೆ ಚಲಿಸುವುದನ್ನು ನೋಡಿದಾಗ ನನಗೆ ಅದರ ಮೇಲ್ವಿಚಾರಕನ ಬಗ್ಗೆ ಗೌರವ ಮೂಡುತ್ತದೆ.

ಗುಪ್ತ ಕೋಣೆಗಳು ಇರಲೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಇಂಗ್ಲೆಂಡಿನಲ್ಲಿ ಕ್ಯಾಥೊಲಿಕ್ ಪಾದ್ರಿಗಳು ತಲೆಮರೆಸಿಕೊಳ್ಳಬೇಕಾಗಿದ್ದ ಕಾಲದಲ್ಲಿ ನಿಕೋಲಸ್ ಓವನ್ ಎಂಬ ಬಡಗಿ ಹಲವು ದೊಡ್ಡ ಮನೆಗಳಲ್ಲಿ ಅಡಗುತಾಣಗಳನ್ನು ನಿರ್ಮಿಸಿದ. 1606ರಲ್ಲಿ ಸೆರೆಸಿಕ್ಕು ಚಿತ್ರಹಿಂಸೆಗೆ ಬಲಿಯಾದರೂ ಗುಟ್ಟು ಬಿಟ್ಟುಕೊಡಲಿಲ್ಲ. ಎರಡನೆಯ ಹೆನ್ರಿ ಹನ್ನೆರಡನೆಯ ಶತಮಾನದಲ್ಲಿ ಕಟ್ಟಿಸಿದ ಡೋವರ್ ಕೋಟೆಯ ನಡುಗೋಪುರದ ಗೋಡೆಗಳ ದಪ್ಪ ಕೆಲವೆಡೆ 6 ಮೀಟರಿಗೂ ಹೆಚ್ಚು. ಗೋಡೆಯ ಆ ದಪ್ಪದೊಳಗೇ ಕೋಣೆಗಳಿವೆ. ಹೊರಗಿನ ಅಳತೆಯಿಂದ ಒಳಗಿನ ಅಳತೆಯನ್ನು ಕಳೆದರೆ ಏನೋ ಮಿಕ್ಕುತ್ತದೆ ಎಂಬ ಸುಳಿವು ಅಲ್ಲಿ ಕಲ್ಲಿನಲ್ಲಿಯೇ ಸಿದ್ಧವಾಗಿದೆ. ಹೀಗೆ ದೊರೆಯುವುದನ್ನು ಬಿಟ್ಟು, ಸುತ್ತ ನೀರಿನ ಕಂದಕವಿರುವ ಕೋಟೆಯ ಅಡಿಯಲ್ಲಿ ಒಣಗಿದ, ಪಂಜು ಉರಿಯುತ್ತಿರುವ ಉದ್ದದ ಸುರಂಗವನ್ನು ತೋರಿಸುವುದೇಕೋ ತಿಳಿಯದು. ಆ ಪಂಜನ್ನು ಹೊತ್ತಿಸಿದವರು ಯಾರು ಎಂಬ ಪ್ರಶ್ನೆಯಂತೂ ಇದ್ದೇ ಇದೆ.

ಎರಡು ಮಕ್ಕಳ ಅಮ್ಮ

ಪಂಜಿನ ಪ್ರಶ್ನೆಯನ್ನು ನನ್ನ ಚಿಕ್ಕ ಮಗಳೂ ಕೇಳಿದ್ದಳು, ಚಿತ್ರವನ್ನು ನಿಲ್ಲಿಸಿ. ದೊಡ್ಡವನು "ಅದು ಸಿನಿಮಾ, ಸುಮ್ಮನಿರು" ಎಂದ. ಚಿಕ್ಕವರು ಇದನ್ನೆಲ್ಲ ಗಮನಿಸುವುದಿಲ್ಲ ಎಂದು ತಿಳಿದಿರುವವರು ಮಕ್ಕಳ ಜೊತೆ ಕುಳಿತು ಚಿತ್ರ ನೋಡಿದವರಲ್ಲ.

ಬಾವಿಯ ವಿಷಯದಲ್ಲಿ ಮಾತ್ರ ನಾನು ಹಳೆಯ ರೀಲು ಅವರಷ್ಟು ನಿರಾಳವಾಗಿರಲಾರೆ. ಬಹಳ ಕಾಲ ಮುಚ್ಚಿದ್ದ ಬಾವಿಯಲ್ಲಿ, ನೆಲಮಾಳಿಗೆಯಲ್ಲಿ ಆಮ್ಲಜನಕ ಕಡಿಮೆಯಾಗಿ ಕೆಟ್ಟ ಗಾಳಿ ತುಂಬಿಕೊಂಡಿರಬಹುದು. ಇಳಿದವರು ಎಚ್ಚರ ತಪ್ಪುತ್ತಾರೆ, ಅವರನ್ನು ಎತ್ತಲು ಇಳಿದವರೂ ಅಲ್ಲೇ ಉಳಿಯುತ್ತಾರೆ. ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ಅಪಾಯ ಇದು. ಚಿತ್ರದಲ್ಲಿ ಮಗು ಬಾವಿಗೆ ಇಳಿಯಲೇಬೇಕೆಂದಿದ್ದರೆ ಯಾರಾದರೂ ಒಬ್ಬರು ಈ ಮಾತನ್ನು ಆಡಲಿ. ಅದರಿಂದ ರೋಚಕತೆ ಕಡಿಮೆಯಾಗುವುದಿಲ್ಲ. ಇಳಿಯಬೇಕೋ ಬೇಡವೋ ಎಂಬ ಜಗಳವೇ ಒಂದು ಒಳ್ಳೆಯ ದೃಶ್ಯವಾಗುತ್ತದೆ, ಅದರಲ್ಲೂ ಒಳಗೆ ತಂಗಿ ಸಿಕ್ಕಿಕೊಂಡಿರುವಾಗ.

ಇನ್ನು ಖಳನ ವಿಷಯ. ಈ ಚಿತ್ರಗಳಲ್ಲಿ ನಿಧಿಗಳ್ಳರು ಸಾಮಾನ್ಯವಾಗಿ ಇಬ್ಬರು, ಒಬ್ಬ ದಪ್ಪ, ಒಬ್ಬ ಸಣಕಲು, ಇಬ್ಬರೂ ದಡ್ಡರು. ಕೆಸರಿಗೆ ಬೀಳುತ್ತಾರೆ, ಹಿಟ್ಟಿನ ಮೂಟೆ ತಲೆಯ ಮೇಲೆ ಬೀಳುತ್ತದೆ, ಮಕ್ಕಳು ನಗುತ್ತಾರೆ. ದಡ್ಡನನ್ನು ಸೋಲಿಸಿದ ಮಕ್ಕಳ ಜಾಣತನಕ್ಕೆ ಎಷ್ಟು ಬೆಲೆ? ನನ್ನ ಮಕ್ಕಳಿಬ್ಬರೂ ನಿಜವಾಗಿ ಹೆದರಿದ್ದು ಒಂದೇ ಒಂದು ಖಳನಿಗೆ. ಅವನು ಕೂಗಾಡುತ್ತಿರಲಿಲ್ಲ, ಮಕ್ಕಳು ಹೇಳಿದ್ದನ್ನು ಗಮನವಿಟ್ಟು ಕೇಳಿಸಿಕೊಳ್ಳುತ್ತಿದ್ದ ಏಕೈಕ ದೊಡ್ಡವನು ಅವನೇ ಆಗಿದ್ದ.

ನೆರಳುಬೆಳಕು

ನಾನು ಚಿತ್ರೀಕರಣದ ಕೆಲಸಕ್ಕೆ ಹತ್ತಿರವಿರುವವನು. ಕೋಟೆ ಏಕೆ ಕಾಣದಾಗುತ್ತದೆ ಎಂಬುದಕ್ಕೆ ಚಿತ್ರಕಥೆಗಾರರ ಸೋಮಾರಿತನವಷ್ಟೇ ಕಾರಣವಲ್ಲ ಎಂಬುದನ್ನು ಹೇಳಬೇಕು.

ಹಳೆಯ ಕೋಟೆಯ ಸುರುಳಿ ಮೆಟ್ಟಿಲಿನಲ್ಲಿ ಒಬ್ಬ ಮನುಷ್ಯ ಹತ್ತುವಷ್ಟೇ ಜಾಗವಿರುತ್ತದೆ. ಅಲ್ಲಿ ಕ್ಯಾಮೆರಾ, ಅದನ್ನು ಹಿಡಿದವನು, ದೀಪ, ಧ್ವನಿಗ್ರಹಣದ ಕೋಲು, ಮೂವರು ಮಕ್ಕಳು ಒಟ್ಟಿಗೆ ಹೊಕ್ಕುವ ಮಾತೇ ಇಲ್ಲ. ಪ್ರಾಚೀನ ಗೋಡೆಗೆ ಒಂದು ಮೊಳೆ ಹೊಡೆಯಲೂ ಅನುಮತಿ ಸಿಗುವುದಿಲ್ಲ, ಸಿಗಲೂಬಾರದು. ಆದ್ದರಿಂದ ಹೊರಾಂಗಣ ಒಂದು ಕೋಟೆಯದು, ಪಡಸಾಲೆ ಇನ್ನೊಂದರದು, ಮೆಟ್ಟಿಲು ಮತ್ತು ಸುರಂಗ ಸ್ಟುಡಿಯೊದ ಸೆಟ್. ಮೂರನ್ನೂ ಸಂಕಲನದಲ್ಲಿ ಒಂದೇ ಕಟ್ಟಡವೆಂದು ಒಪ್ಪಿಸಬೇಕು. ಬಾಗಿಲಿನಿಂದ ಹೊರಬಿದ್ದ ಮಗು ಎಡಕ್ಕೆ ತಿರುಗಿತ್ತೋ ಬಲಕ್ಕೋ ಎಂಬುದನ್ನು ಮೂರು ವಾರಗಳ ನಂತರ ಬೇರೆ ಜಾಗದಲ್ಲಿ ನೆನಪಿಡುವವರು ಇಲ್ಲದಿದ್ದರೆ ಕೋಟೆ ಅಲ್ಲಿಯೇ ಮುರಿದುಬೀಳುತ್ತದೆ.

ಇದರ ಮೇಲೆ ಮಕ್ಕಳ ಕೆಲಸದ ಅವಧಿಯ ಮಿತಿ. ಇಂಗ್ಲೆಂಡಿನ ನಿಯಮದಂತೆ ಐದರಿಂದ ಎಂಟು ವರ್ಷದ ಮಗು ದಿನಕ್ಕೆ ಹೆಚ್ಚೆಂದರೆ 3 ಗಂಟೆ, ಒಂಬತ್ತು ತುಂಬಿದ ಮಗು 5 ಗಂಟೆ ಮಾತ್ರ ಅಭಿನಯಿಸಬಹುದು. ಪಾಠಕ್ಕೂ ವಿಶ್ರಾಂತಿಗೂ ಸಮಯ ಕೊಡಲೇಬೇಕು. ಅತ್ಯಂತ ಅಗತ್ಯವಾದ ನಿಯಮವಿದು. ಆದರೆ ಐವರು ಮಕ್ಕಳಿರುವ ಚಿತ್ರದಲ್ಲಿ ಅದರ ಪರಿಣಾಮ ಏನೆಂದರೆ, ಐವರನ್ನೂ ಒಟ್ಟಿಗೆ ಒಂದು ಉದ್ದನೆಯ ಶಾಟ್‌ನಲ್ಲಿ ಕೋಟೆಯ ಉದ್ದಗಲಕ್ಕೆ ನಡೆಸುವ ಬದಲು ಒಬ್ಬೊಬ್ಬರ ಮುಖವನ್ನು ಹತ್ತಿರದಿಂದ ಬೇರೆ ಬೇರೆಯಾಗಿ ತೆಗೆದು ಅಂಟಿಸುವುದು ಸುಲಭವಾಗುತ್ತದೆ. ಮುಖಗಳು ತುಂಬಿದ ಪರದೆಯಲ್ಲಿ ಕಟ್ಟಡಕ್ಕೆ ಜಾಗವೆಲ್ಲಿ? ರಾತ್ರಿಯ ದೃಶ್ಯಗಳಿಗೂ ಇದೇ ತೊಂದರೆ. ಮಕ್ಕಳನ್ನು ನಡುರಾತ್ರಿಯವರೆಗೆ ಎಬ್ಬಿಸಿಡಲಾಗದು, ಹಗಲಿನಲ್ಲಿ ತೆಗೆದು ಕತ್ತಲಾಗಿಸುತ್ತಾರೆ, ಆ ನೀಲಿ ಮಬ್ಬಿನಲ್ಲಿ ಗೋಡೆ ಯಾವುದು ಆಕಾಶ ಯಾವುದು ಗೊತ್ತಾಗುವುದಿಲ್ಲ.

ಹಾಗೆಂದು ದಾರಿಯಿಲ್ಲ ಎಂದಲ್ಲ. 'ದ ಗೂನೀಸ್'ನ ಪ್ರಸ್ತಾಪ ಬಂದಿದೆ. ಅದಕ್ಕಾಗಿ ಕಡಲ್ಗಳ್ಳರ ಹಡಗನ್ನು ಪೂರ್ಣ ಗಾತ್ರದಲ್ಲಿ ಕಟ್ಟಿ, ದೃಶ್ಯದ ದಿನದವರೆಗೆ ಮಕ್ಕಳಿಗೆ ತೋರಿಸದೆ ಇಟ್ಟಿದ್ದರು. ಅವರ ಕಣ್ಣಲ್ಲಿ ಕಂಡ ಬೆರಗು ನಿಜವಾದದ್ದಾಗಲಿ ಎಂಬುದು ಉದ್ದೇಶ. ಕೋಟೆಯ ಚಿತ್ರದಲ್ಲಿ ಇದಕ್ಕೆ ವಿರುದ್ಧವಾದುದನ್ನು ಮಾಡಬೇಕೆಂಬುದು ನನ್ನ ಅಭಿಪ್ರಾಯ. ಚಿತ್ರೀಕರಣಕ್ಕೆ ಮೊದಲು ಮಕ್ಕಳನ್ನು ಆ ಕೋಟೆಯಲ್ಲಿ ಕಣ್ಣಾಮುಚ್ಚಾಲೆ ಆಡಲು ಬಿಡಬೇಕು. ಯಾವ ಮೆಟ್ಟಿಲು ಎಡವಿಸುತ್ತದೆ, ಯಾವ ಬಾಗಿಲು ಕಿರುಗುಟ್ಟುತ್ತದೆ ಎಂಬುದು ಕಾಲಿಗೆ ಗೊತ್ತಿರುವ ಮಗು ಓಡುವ ರೀತಿಯೇ ಬೇರೆ.

ಹಳೆಯ ರೀಲು

ನೆರಳುಬೆಳಕು ಅವರ ಬರಹದಿಂದ ಹಲವು ವಿಷಯ ಸ್ಪಷ್ಟವಾಯಿತು. ಕೋಟೆಯಲ್ಲದಿದ್ದರೂ ಹತ್ತಿರದ ಇನ್ನೊಂದು ಉದಾಹರಣೆ ನೆನಪಾಗುತ್ತಿದೆ. ಡೆನ್ಮಾರ್ಕಿನಲ್ಲಿ 2006ರಲ್ಲಿ ಟೆಂಪ್ಲರ್ ಎಂಬ ಮಧ್ಯಯುಗದ ಕ್ರೈಸ್ತ ಯೋಧಪಂಥದ ನಿಧಿಯನ್ನು ಮಕ್ಕಳು ಹುಡುಕುವ ಚಿತ್ರವೊಂದು ಬಂತು. ಕಥೆ ನಡೆಯುವುದು ಬೋರ್ನ್‌ಹೋಮ್ ದ್ವೀಪದಲ್ಲಿ. ಆ ದ್ವೀಪದಲ್ಲಿ ದಪ್ಪ ಗೋಡೆಯ, ವೃತ್ತಾಕಾರದ ಮಧ್ಯಯುಗೀನ ಚರ್ಚುಗಳು ನಾಲ್ಕಿವೆ. ಅಂಥ ಕಟ್ಟಡಗಳಿರುವ ಊರನ್ನು ಆರಿಸಿಕೊಂಡರೆ ಅರ್ಧ ಚಿತ್ರಕಥೆ ಅಲ್ಲಿಯೇ ಸಿಕ್ಕಿಬಿಡುತ್ತದೆ.

ಕರಾರುಪತ್ರ

ನಿಧಿ ಸಿಕ್ಕಿದ ಮೇಲೆ ಅದು ಯಾರದು ಎಂಬ ಪ್ರಶ್ನೆಯನ್ನು ಇಲ್ಲಿಯವರೆಗೆ ಯಾರೂ ಎತ್ತಿಲ್ಲ. ಚಿತ್ರಗಳೂ ಎತ್ತುವುದಿಲ್ಲ: ಮಕ್ಕಳು ಕೈತುಂಬ ನಾಣ್ಯ ಎತ್ತಿ ಹಿಡಿಯುತ್ತಾರೆ, ಸಂಗೀತ ಏರುತ್ತದೆ, ಸಾಲ ತೀರುತ್ತದೆ.

ರೋಮನ್ ಚಕ್ರವರ್ತಿ ಹೇಡ್ರಿಯನ್‌ನ ಕಾಲದಿಂದ ಬಂದ ಒಂದು ಸೂತ್ರವಿದೆ: ಬೇರೆಯವರ ನೆಲದಲ್ಲಿ ಆಕಸ್ಮಿಕವಾಗಿ ನಿಧಿ ಸಿಕ್ಕರೆ ಅರ್ಧ ಕಂಡವನಿಗೆ, ಅರ್ಧ ನೆಲದೊಡೆಯನಿಗೆ. ಜರ್ಮನಿಯ ನಾಗರಿಕ ಸಂಹಿತೆಯ 984ನೆಯ ಕಲಮಿನಲ್ಲಿ ಈ ಸೂತ್ರ ಇಂದಿಗೂ ಇದೆ. ಆದರೆ ಅಲ್ಲಿನ ಹೆಚ್ಚಿನ ರಾಜ್ಯಗಳು ಐತಿಹಾಸಿಕ ಮಹತ್ವದ ವಸ್ತುಗಳನ್ನು ಬೇರೆ ಕಾನೂನಿನ ಮೂಲಕ ಸರ್ಕಾರದ ಸ್ವತ್ತಾಗಿಸಿವೆ. ಇಂಗ್ಲೆಂಡಿನಲ್ಲಿ 1996ರ ನಿಧಿ ಕಾಯಿದೆಯಂತೆ ಕಂಡವರು 14 ದಿನಗಳೊಳಗೆ ಅಧಿಕಾರಿಗೆ ವರದಿ ಮಾಡಬೇಕು. ವಸ್ತುವನ್ನು ವಸ್ತುಸಂಗ್ರಹಾಲಯ ಕೊಂಡರೆ ಬಹುಮಾನದ ಹಣ ಸಾಮಾನ್ಯವಾಗಿ ಕಂಡವರಿಗೂ ನೆಲದೊಡೆಯರಿಗೂ ಹಂಚಿಕೆಯಾಗುತ್ತದೆ. ಅನುಮತಿಯಿಲ್ಲದೆ ನುಗ್ಗಿ ಹುಡುಕಿದವರಿಗೆ ಬಹುಮಾನ ಕಡಿತವಾಗಬಹುದು, ಇಲ್ಲವಾಗಲೂಬಹುದು.

ಇದು ಒಣ ಕಾನೂನು ಎನ್ನಿಸಬಹುದು, ಆದರೆ ಆ 14 ದಿನಗಳಲ್ಲಿ ಒಂದು ಇಡೀ ಚಿತ್ರವಿದೆ. ಮಕ್ಕಳ ಮಂಚದಡಿ ಪೆಟ್ಟಿಗೆಯಿದೆ. ಒಬ್ಬಳು ಹೇಳಿಬಿಡೋಣ ಎನ್ನುತ್ತಾಳೆ, ಒಬ್ಬ ಬೇಡ ಎನ್ನುತ್ತಾನೆ. ಖಳನಿಗೂ ದಿನಗಳ ಲೆಕ್ಕ ಗೊತ್ತು. ಬೇಲಿ ಹಾರಿ ನುಗ್ಗಿದ್ದನ್ನು ಒಪ್ಪಿಕೊಂಡರೆ ಮನೆ ಉಳಿಸಲು ಬೇಕಾದ ಹಣ ಸಿಗುವುದಿಲ್ಲ, ಮುಚ್ಚಿಟ್ಟರೆ ಸುಳ್ಳಾಗುತ್ತದೆ. ಪದ್ಯಪ್ರಿಯ ಅವರು ಹೇಳಿದ ಆತಂಕ ನಿಧಿ ಸಿಕ್ಕಿದ ಮೇಲೆಯೇ ಹೆಚ್ಚಾಗುವ ಚಿತ್ರವನ್ನು ಯಾರಾದರೂ ಮಾಡಲಿ ಎಂದು ಆಸೆ.

ಪದ್ಯಪ್ರಿಯ

ಎಲ್ಲರೂ ಸೇರಿ ನನ್ನನ್ನು ಗೋಡೆಗೆ ಒತ್ತಿದ್ದೀರಿ. ಆದರೂ ಪದ್ಯ ಬಿಡಲಾರೆ.

ಪದ್ಯವೂ ಕಟ್ಟಡವೂ ಒಂದನ್ನೊಂದು ಬಿಟ್ಟು ಅರ್ಥವಾಗದಂತೆ ಮಾಡಿದರೆ? ಇಂಗ್ಲೆಂಡಿನ ರಾಚೆಸ್ಟರ್ ಕೋಟೆಯನ್ನು 1215ರಲ್ಲಿ ದೊರೆ ಜಾನ್ ಮುತ್ತಿದಾಗ ಅವನ ಸೈನಿಕರು ನಡುಗೋಪುರದ ಒಂದು ಮೂಲೆಯ ಅಡಿಗೆ ಸುರಂಗ ಕೊರೆದು, ಮರದ ಆಧಾರಗಳನ್ನು ನಿಲ್ಲಿಸಿ, ನಲವತ್ತು ಹಂದಿಗಳ ಕೊಬ್ಬು ಹಾಕಿ ಉರಿಸಿ ಆ ಮೂಲೆಯನ್ನು ಕೆಡವಿದರು. ಮುಂದೆ ಅದನ್ನು ಮತ್ತೆ ಕಟ್ಟಿದಾಗ ದುಂಡಾಗಿ ಕಟ್ಟಿದರು. ಇಂದಿಗೂ ಆ ಗೋಪುರದ ಮೂರು ಮೂಲೆಗಳು ಚೌಕ, ನಾಲ್ಕನೆಯದು ದುಂಡು. ಅಂಥದೊಂದು ಕೋಟೆಗೆ ಇಂಥದೊಂದು ಪದ್ಯ ಸಾಕಲ್ಲವೇ:

ನಾಲ್ವರು ನಾವು ಅಣ್ಣತಮ್ಮರು, ಮೂವರ ಭುಜ ಚೌಕ,
ಬಿದ್ದು ಎದ್ದವ ದುಂಡಗಾದ, ಅವನಡಿಯೇ ಹುಡುಕ.

ಇದನ್ನು ಮನೆಯಲ್ಲಿ ಕುಳಿತು ಯಾವ ಕನ್ನಡಕದ ಹುಡುಗನೂ ಬಿಡಿಸಲಾರ. ಕೋಟೆಯ ಸುತ್ತ ನಡೆಯಲೇಬೇಕು, ತಲೆಯೆತ್ತಿ ನೋಡಲೇಬೇಕು.

ಅಡಿಟಿಪ್ಪಣಿ

ಬಹಳ ಚೆನ್ನಾಗಿದೆ. ಒಂದೇ ಸಂದೇಹ: ಬಚ್ಚಿಟ್ಟವನು ಸುಳಿವನ್ನು ಬರೆದಿಡುವುದಾದರೂ ಏಕೆ? ಗುಟ್ಟಾಗಿರಬೇಕಾದದ್ದನ್ನು ಪ್ರಾಸಬದ್ಧವಾಗಿ ಬರೆದು ಅಟ್ಟದಲ್ಲಿ ಬಿಟ್ಟುಹೋಗುವ ಮನುಷ್ಯ ನನಗೆ ಎಂದೂ ಅರ್ಥವಾಗಿಲ್ಲ.

ಎರಡು ಮಕ್ಕಳ ಅಮ್ಮ

ಬರೆದಿಡಬೇಕಾಗಿಲ್ಲ. ಊರು ಬಿಡುವ ಹಿಂದಿನ ರಾತ್ರಿ ಅಜ್ಜಿಯೊಬ್ಬಳು ಓದು ಬಾರದ ಮೊಮ್ಮಗಳಿಗೆ ಲಾಲಿಯಂತೆ ಹೇಳಿಕೊಟ್ಟಿರಬಹುದು. ಮೊಮ್ಮಗಳು ಅರ್ಥ ತಿಳಿಯದೆ ತನ್ನ ಮಕ್ಕಳಿಗೆ ಹಾಡಿರುತ್ತಾಳೆ, ಅವರು ತಮ್ಮ ಮಕ್ಕಳಿಗೆ. ಕಥೆ ಆರಂಭವಾಗುವ ಹೊತ್ತಿಗೆ ಅದು ಆ ಮನೆಯ ಎಲ್ಲರಿಗೂ ಬಾಯಿಪಾಠವಾಗಿರುವ, ಯಾರೂ ಅರ್ಥ ಕೇಳದ ಹಾಡು. ದೊಡ್ಡವರು ಮಕ್ಕಳ ಮಾತು ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದಿರಲ್ಲ, ಈ ಕಥೆಯಲ್ಲಿ ಅವರು ತಾವೇ ಹಾಡಿದ್ದನ್ನೂ ಕೇಳಿಸಿಕೊಂಡಿಲ್ಲ.

ಕಲ್ಲುಮೆಟ್ಟಿಲು

ಹೀಗಾದರೆ ಪದ್ಯವನ್ನು ನಾನು ಸಂತೋಷದಿಂದ ಸೇರಿಸಿಕೊಳ್ಳುತ್ತೇನೆ. ಅದರಲ್ಲೂ ಎರಡನೆಯ ಸಾಲಿನ "ಬಿದ್ದು ಎದ್ದವ" ಎಂಬುದು ತಲೆಮಾರುಗಳು ಕಳೆದಂತೆ ತಪ್ಪಾಗಿ ಹಾಡಲ್ಪಟ್ಟು ಮಕ್ಕಳು ಮೊದಲು ಬೇರೆ ಮೂಲೆಯನ್ನು ಅಗೆಯುವಂತಾಗಲಿ. ಖಳನೂ ಅಲ್ಲಿಯೇ ಅಗೆಯಲಿ. ಕಿಟಕಿಗೆ ಬಟ್ಟೆ ಕಟ್ಟುವ ದೃಶ್ಯವನ್ನು ಅದಾದ ಮೇಲೆ ಇಡಬಹುದು: ದುಂಡು ಗೋಪುರದ ಒಳಗೆ ಹೋದ ಮಕ್ಕಳಿಗೆ ಏನೂ ಸಿಗದೆ, ಹೊರಬಂದು ಎಣಿಸಿದಾಗ ಒಂದು ಕಿಟಕಿ ಹೆಚ್ಚಿಗೆ ಕಾಣಬೇಕು. ನೆರಳುಬೆಳಕು ಅವರೇ, ದುಂಡು ಗೋಡೆಯ ಮೇಲೆ ಎಲ್ಲ ಕಿಟಕಿಗಳನ್ನೂ ಒಟ್ಟಿಗೆ ತೋರಿಸಲು ಆಗದಲ್ಲ, ಆಗ ಪ್ರೇಕ್ಷಕ ಎಣಿಸುವುದು ಹೇಗೆ?

ನೆರಳುಬೆಳಕು

ತೋರಿಸಬಾರದು. ಅಕ್ಕ ಗೋಪುರದ ಸುತ್ತ ನಡೆಯಲಿ, ಕ್ಯಾಮೆರಾ ಅವಳ ಹೆಗಲ ಹಿಂದೆ ಕತ್ತರಿಯಿಲ್ಲದೆ ಒಂದೇ ಶಾಟ್‌ನಲ್ಲಿ ಸುತ್ತಲಿ. ಬಟ್ಟೆಗಳೆಲ್ಲ ಒಂದೊಂದು ಬಣ್ಣದವಿರಲಿ, ಒಂದೇ ಬಣ್ಣವಾದರೆ ಎಲ್ಲಿಂದ ಆರಂಭಿಸಿದೆವೆಂಬುದೇ ಮರೆತುಹೋಗುತ್ತದೆ. ಕೆಂಪು ಕಾಲುಚೀಲದಿಂದ ಹೊರಟವಳು ಮತ್ತೆ ಕೆಂಪು ಕಾಲುಚೀಲಕ್ಕೆ ಬಂದು ನಿಂತರೆ ಸುತ್ತು ಮುಗಿಯಿತೆಂದು ಎಲ್ಲರಿಗೂ ತಿಳಿಯುತ್ತದೆ. ಬರಿಯ ಕಿಟಕಿಯನ್ನು ಸುತ್ತಿನ ಕೊನೆಗೆ ಇಡಬೇಡಿ, ಮೂರನೆಯದೋ ನಾಲ್ಕನೆಯದೋ ಆಗಲಿ. ಅವಳು ಅದನ್ನು ದಾಟಿ ಮುಂದೆ ಹೋಗಲಿ, ಹತ್ತಿರದ ಕಿಟಕಿಯಲ್ಲಿ ತಮ್ಮ ಏನೋ ಚೇಷ್ಟೆ ಮಾಡುತ್ತ ಅವಳ ಗಮನ ಸೆಳೆಯಲಿ. ಪ್ರೇಕ್ಷಕರಲ್ಲಿ ಯಾವುದಾದರೂ ಮಗು ಆಗಲೇ "ಅಲ್ಲಿದೆ, ಅಲ್ಲಿದೆ" ಎಂದು ಕೂಗಿಕೊಳ್ಳಬೇಕು. ಮೋಡ ಕವಿದ ದಿನ ನೋಡಿ ಚಿತ್ರೀಕರಿಸಬೇಕು, ಇಲ್ಲವಾದರೆ ಗೋಪುರದ ಅರ್ಧ ಭಾಗ ನೆರಳಿಗೆ ಹೋಗಿ ಬಟ್ಟೆಯಿದೆಯೋ ಇಲ್ಲವೋ ತಿಳಿಯುವುದಿಲ್ಲ.